ಇನ್ನೂರ ಹನ್ನೆರಡು ಗೋರಿಕಲ್ಲುಗಳ ಅಳತೆ

ಜೂನ್ 3, ಸೋಮವಾರ

ಹದಿನೇಳರಲ್ಲಿ ಹನ್ನೊಂದು ಫಾರಂ ಬಂದವು. ಇನ್ನಾರು ಬಾಕಿ. ಡಿಪಾರ್ಟ್‌ಮೆಂಟಿನ ವೆಬ್‌ಸೈಟಿಗೆ ಎಲ್ಲರ ಓದು, ಡಿಗ್ರಿ, ಸಂಶೋಧನೆಯ ಆಸಕ್ತಿ ಬೇಕಂತೆ. ಎಚ್‌ಓಡಿ ಈ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ತಳಿಶಾಸ್ತ್ರದವನು ಹದಿಮೂರು ಆಸಕ್ತಿ ಬರೆದಿದ್ದಾನೆ. ಫೋಟೋ ಮಾತ್ರ ಮದುವೆ ಕಾಲದ್ದು, ತಲೆತುಂಬ ಕೂದಲು. ಬೇರೆ ಕೊಡು ಅಂದರೆ, "ಸಂಶೋಧನೆ ಹಳೇದಿದ್ರೆ ನಡಿಯುತ್ತೆ, ಫೋಟೋ ಹಳೇದಿದ್ರೆ ಆಗಲ್ವಾ?" ಎಂದ.

ದೊಡ್ಡ ಮೇಡಂ ಸಹ ಕೊಟ್ಟರು. ಪಾಚಿಯ ಪಾಠ ಮಾಡುವವರು, ನಮಗೆಲ್ಲ ಹಿರಿಯರು. ಈ ತಿಂಗಳ ಕೊನೆಗೆ ನಿವೃತ್ತಿ. ಹೆಸರು, ಡಿಗ್ರಿ ಬಿಟ್ಟರೆ ಫಾರಂನಲ್ಲಿ ಏನೂ ಇಲ್ಲ. ಎಂ.ಎಸ್ಸಿ. ಮುಗಿಸಿದ್ದಕ್ಕೂ ಪಿಎಚ್.ಡಿ.ಗೆ ಸೇರಿದ್ದಕ್ಕೂ ನಡುವೆ ಒಂಬತ್ತು ವರ್ಷ. ಆಸಕ್ತಿಯ ಜಾಗ ಖಾಲಿ.

"ಮೇಡಂ, ಇಲ್ಲೇನು ಬರೀಲಿ?"

"ಇಪ್ಪತ್ತೇಳು ದಿನಕ್ಕೆ ಯಾಕಪ್ಪಾ ಅದೆಲ್ಲ. ಬಿಟ್ಬಿಡು."

ಜೂನ್ 6

ಬಿಡಲಾಗದು. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಿನ ಪುಟಕ್ಕೇ ಹೋಗುವುದಿಲ್ಲ. ರೆಕಾರ್ಡ್ ರೂಮಿನಿಂದ ಅವರ ಹಳೇ ಫೈಲ್ ತರಿಸಿದೆ. ದಾರ ಬಿಚ್ಚುವಷ್ಟರಲ್ಲಿ ಕೈಯೆಲ್ಲ ಧೂಳು.

ಒಳಗೆ ರದ್ದಾದ ಪಿಎಚ್.ಡಿ. ರಿಜಿಸ್ಟ್ರೇಶನ್ ಒಂದು. ಪಾಚಿಯದ್ದಲ್ಲ. ವಿಷಯ — ಗೋರಿಕಲ್ಲುಗಳ ಮೇಲೆ ಕಲ್ಲುಹೂವು ಬೆಳೆಯುವ ವೇಗ.

ಎರಡು ಸಲ ಓದಿದೆ. ಇದು ನಮ್ಮ ಸರ್ ವಿಷಯ. ನನ್ನ ಗೈಡ್. ಗೋರಿಯ ಮೇಲೆ ವರ್ಷ ಕೆತ್ತಿರುತ್ತದೆ; ಅದರ ಮೇಲಿನ ಕಲ್ಲುಹೂವು ಎಷ್ಟಗಲ ಎಂದು ಅಳೆದರೆ ವರ್ಷಕ್ಕೆ ಎಷ್ಟು ಬೆಳೆಯಿತು ಎಂದು ತಿಳಿಯುತ್ತದೆ. ಸರ್‌ಗೆ ಹೆಸರು ತಂದ ಕೋಷ್ಟಕ ಅದೇ. ಅದನ್ನಿಟ್ಟುಕೊಂಡೇ ನಾನು ಹಳೇ ಗೋಡೆಗಳ ವಯಸ್ಸು ಲೆಕ್ಕ ಹಾಕಿ ಡಾಕ್ಟರೇಟ್ ಪಡೆದದ್ದು.

ಗೈಡ್ — ಸರ್. ವಿದ್ಯಾರ್ಥಿನಿ — ದೊಡ್ಡ ಮೇಡಂ. ಜೊತೆಗೆ ನಾಲ್ಕು ವರ್ಷದ ಪ್ರಗತಿ ವರದಿ, ಕೈಬರಹ. ಇನ್ನೂರ ಹನ್ನೆರಡು ಕಲ್ಲು.

ಜೂನ್ 7

ಸರ್ ಪೇಪರನ್ನೂ ಮೇಡಂ ವರದಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಹತ್ತರಿಂದ ಎರಡರವರೆಗೆ. ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಆಚೀಚೆ ಇಲ್ಲ.

ನಲವತ್ತೇಳನೇ ಕಲ್ಲು ಮಾತ್ರ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಕೇಳಿದ್ದೆ. "ಪ್ರಕೃತೀಗೂ ಒಂದು ಹಟ ಇರುತ್ತಯ್ಯಾ" ಅಂದಿದ್ದರು ಸರ್. ದೊಡ್ಡ ಮಾತೆಂದುಕೊಂಡು ಥೀಸಿಸ್‌ನಲ್ಲಿ ಬರೆದೆ. ಮೇಡಂ ವರದಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿದೆ: ಈ ಕಲ್ಲು ಬಿದ್ದಿತ್ತು, ಕಾವಲುಗಾರ ತಿರುಗಿಸಿ ನಿಲ್ಲಿಸಿದ್ದಾನೆ, ನೆರಳಿಗೆ ಬಂದಿದೆ, ಲೆಕ್ಕದಿಂದ ಬಿಡಬೇಕು.

ಅಲ್ಲಿಗೆ ಹೋಗಿ ಮಂಡಿಯೂರಿ ಅಳೆದವರಿಗಷ್ಟೇ ಗೊತ್ತಿರುವ ಸಂಗತಿ. ಸರ್‌ಗೆ ಗೊತ್ತಿರಲಿಲ್ಲ; ಅಂಚಿನ ಟಿಪ್ಪಣಿ ಓದಿಯೇ ಇಲ್ಲ.

ಫೈಲಿಗೆ ಮತ್ತೆ ದಾರ ಕಟ್ಟಿ ನನ್ನ ಬೀರುವಿನಲ್ಲಿಟ್ಟೆ.

ಜೂನ್ 12

ನಾಲ್ಕು ದಿನ ಮೇಡಂ ಕಣ್ಣು ತಪ್ಪಿಸಿ ಓಡಾಡಿದೆ. ಇವತ್ತು ಸ್ಲೈಡ್ ಪೆಟ್ಟಿಗೆಗಳನ್ನು ಒಪ್ಪಿಸಲು ಅವರೇ ಲ್ಯಾಬಿಗೆ ಬಂದರು.

"ಫೈಲ್ ನೋಡಿದ್ಯಂತೆ."

"ನೋಡ್ದೆ ಮೇಡಂ."

ಸ್ಟೂಲ್ ಎಳೆದುಕೊಂಡು ಕೂತರು. ಆ ನಾಲ್ಕನೇ ವರ್ಷ ಅವರ ಅಮ್ಮನಿಗೆ ಪಾರ್ಶ್ವವಾಯು. ಇವರು ಒಬ್ಬಳೇ ಮಗಳು. ನೋಟ್‌ಬುಕ್ಕುಗಳನ್ನೆಲ್ಲ ಸರ್ ಕೈಗೆ ಕೊಟ್ಟು, ಬರುತ್ತೇನೆ ಎಂದು ಹೇಳಿ ಹೋದರು. ಎರಡು ವರ್ಷಕ್ಕೆ ಪೇಪರ್ ಅಚ್ಚಾಯಿತು, ಒಂದೇ ಹೆಸರಿನಲ್ಲಿ. ಅಮ್ಮನ ಹಾಸಿಗೆ ಪಕ್ಕ ಕೂತು ಓದಿದರಂತೆ. ಅಮ್ಮ ಹೋದ ಮೇಲೆ ತಿರುಗಿ ಬಂದಾಗ ಸರ್ ಹೇಳಿದ್ದು ಇಷ್ಟೇ — ಪಾಚಿ ತಗೊ, ಬೇಗ ಮುಗಿಯುತ್ತೆ.

"ನೀವು ಕೇಳ್ಲಿಲ್ವಾ?"

"ಕೇಳಿದ್ರೆ ಪಾಚೀನೂ ಸಿಕ್ತಿರ್ಲಿಲ್ಲ."

"ಅಷ್ಟು ವರ್ಷ ಒಂದೇ ಕಾರಿಡಾರಲ್ಲಿ ಓಡಾಡಿದ್ರಿ..."

"ಓಡಾಡ್ದೆ. ದಿನಾ ನಮಸ್ಕಾರನೂ ಮಾಡ್ದೆ." ಪೆಟ್ಟಿಗೆಯ ಮುಚ್ಚಳ ಒತ್ತಿ ಕೂರಿಸಿದರು. "ನಿನ್ನ ವೈವಾ ದಿನ ಹಿಂದಿನ ಸಾಲಲ್ಲಿ ಕೂತಿದ್ದೆ ಕಣಪ್ಪಾ. ನನ್ನ ಕೋಷ್ಟಕ ಗೋಡೆ ಮೇಲೆ ಹಾಕಿ ವಿವರಿಸ್ತಿದ್ದೆ ನೀನು. ಚೆನ್ನಾಗೇ ವಿವರಿಸ್ದೆ."

ಪೆಟ್ಟಿಗೆ ಎಣಿಸಿಕೊಂಡೆ. ತಪ್ಪಿತು. ಮತ್ತೆ ಎಣಿಸಿದೆ.

ಜೂನ್ 13

ಹೆಂಡತಿಗೆ ಹೇಳಿದೆ. ಸ್ಕೂಲಿನಲ್ಲಿ ಗಣಿತದ ಟೀಚರ್; ಸುತ್ತಿ ಬಳಸಿ ಮಾತಾಡುವವಳಲ್ಲ.

"ಮುಂದಿನ ತಿಂಗಳು ಪ್ರೊಫೆಸರ್ ಪೋಸ್ಟಿಗೆ ನಿಮ್ಮ ಇಂಟರ್ವ್ಯೂ. ನಿಮ್ಮ ಥೀಸಿಸ್ ನಿಂತಿರೋದೇ ಆ ಕೋಷ್ಟಕದ ಮೇಲೆ. ಗೊತ್ತು ತಾನೆ?"

"ಗೊತ್ತು."

"ಕಮಿಟೀಲಿರೋರು ಮುಕ್ಕಾಲು ಪಾಲು ನಿಮ್ಮ ಸರ್ ಶಿಷ್ಯರು."

"ಅದೂ ಗೊತ್ತು."

ತಟ್ಟೆ ಒರೆಸಿಟ್ಟು ನನ್ನ ಕಡೆ ತಿರುಗಿದಳು. "ಹಾಗಾದ್ರೆ ನನ್ನ ಕೇಳ್ತಿರೋದೇನು?"

ನಿಜ. ಕೇಳುತ್ತಿರಲಿಲ್ಲ. ಬೇಡ ಅನ್ನಲಿ ಎಂದು ಕಾಯುತ್ತಿದ್ದೆ. ಅವಳು ಅನ್ನಲಿಲ್ಲ.

ಜೂನ್ 16, ಭಾನುವಾರ

ಸರ್ ಮನೆ. ಎಂಬತ್ತೊಂದಾಯಿತು ಅವರಿಗೆ. ನನ್ನ ಅಪ್ಪ ತೀರಿಹೋದಾಗ ಮೂರು ದಿನ ನನ್ನ ಜೊತೆಗಿದ್ದವರು. ಥೀಸಿಸ್‌ನ ಒಂದೊಂದು ಸಾಲನ್ನೂ ಕೂರಿಸಿಕೊಂಡು ತಿದ್ದಿದವರು. ಬಾಗಿಲ ಹತ್ತಿರ ನಿಂತು ವಾಪಸ್ ಹೋಗಿಬಿಡೋಣ ಅನ್ನಿಸಿತು.

ವರದಿಯನ್ನು ಮುಂದಿಟ್ಟೆ. ಭೂತಗನ್ನಡಿ ಹಿಡಿದರು. ಕೈಬರಹದ ಗುರುತು ತಕ್ಷಣ ಹತ್ತಿತು, ಮುಖದಲ್ಲೇ ತಿಳಿಯಿತು.

"ಅವಳು ಬಿಟ್ಟು ಹೋದಳಯ್ಯಾ. ತಿರುಗಿ ಬರ್ತಾಳೆ ಅಂತ ಯಾರಿಗೆ ಗೊತ್ತಿತ್ತು? ಅಷ್ಟು ಕೆಲಸ ಗೆದ್ದಲಿಗೆ ಹಾಕ್ಬೇಕಿತ್ತಾ?"

"ಹೆಸರು ಹಾಕ್ಬಹುದಿತ್ತು ಸರ್."

"ಡಿಗ್ರಿ ಕೊಡಿಸ್ದೆ. ಕೆಲಸ ಕೊಡಿಸ್ದೆ."

"ಹೆಸರು, ಸರ್."

ಒಳಗೆ ಎಲ್ಲೋ ಮಿಕ್ಸಿ ತಿರುಗಿ ನಿಂತಿತು.

"ನಾನು ಹೋದ್ಮೇಲೆ ಏನು ಬೇಕಾದ್ರೂ ಬರ್ಕೊ. ಈಗ ಬೇಡ."

ಯಾವಾಗಲೂ ಗೇಟಿನ ತನಕ ಬಂದು ಕಳಿಸುವವರು. ಇವತ್ತು ಕುರ್ಚಿ ಬಿಟ್ಟು ಏಳಲಿಲ್ಲ.

ಜೂನ್ 19

ಜರ್ನಲ್ ಸಂಪಾದಕರಿಗೆ ಪತ್ರ ಹೋಯಿತು. ವರದಿಯ ಸ್ಕ್ಯಾನ್ ಪ್ರತಿ ಸಮೇತ. ನನ್ನ ಥೀಸಿಸ್‌ನಲ್ಲಿ ತಪ್ಪಿರುವುದನ್ನೂ ಬರೆದೆ. ಕಳಿಸುವ ಮೊದಲು ಮೇಡಂಗೆ ತೋರಿಸಿದೆ. ಬೇಡ ಅಂದಿದ್ದರೆ ಹರಿದು ಹಾಕುತ್ತಿದ್ದೆ. ಪೂರ್ತಿ ಓದಿ, ಒಂದು ಕಡೆ ಅಲ್ಪವಿರಾಮ ತಿದ್ದಿ, ವಾಪಸ್ ಕೊಟ್ಟರು. ಅಷ್ಟೇ. ಸರ್‌ಗೂ ಒಂದು ಪ್ರತಿ ಕಳಿಸಿದೆ. ಕದ್ದುಮುಚ್ಚಿ ಮಾಡುವ ಕೆಲಸವಲ್ಲ ಇದು.

ವೆಬ್‌ಸೈಟಿಗೆ ಸದ್ಯ 'ಪಾಚಿ' ಎಂದು ಹಾಕಿ ಮುಂದಕ್ಕೆ ಒತ್ತಿದೆ. ಮನಸ್ಸಿಲ್ಲದ ಮನಸ್ಸಿನಿಂದ.

ಜೂನ್ 25

ಸಂಪಾದಕರ ಉತ್ತರ ಬಂತು. ಪೇಪರ್ ಬರೆದವರ ಹೇಳಿಕೆ ಬೇಕು. ಅದಿಲ್ಲದಿದ್ದರೆ ವಿಚಾರಣೆ, ಅದಕ್ಕೆ ವರ್ಷಗಳೇ ಹಿಡಿದಾವು.

ಎಚ್‌ಓಡಿ ಕರೆದರು. ಇಂಟರ್ವ್ಯೂ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ, "ಸದ್ಯಕ್ಕೆ." ಆ ಸದ್ಯಕ್ಕೆಯನ್ನು ಎರಡು ಸಲ ಹೇಳಿದರು. ಕ್ಯಾಂಟೀನಿನಲ್ಲಿ ತಳಿಶಾಸ್ತ್ರದವನು ನನ್ನ ನೋಡಿ, ಲೋಟ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದ. ಹದಿನಾರು ವರ್ಷದ ಸ್ನೇಹ.

ಹೆಂಡತಿ ಕಾಫಿ ಮಾಡಿಕೊಟ್ಟು ಎದುರಿಗೆ ಕೂತಳು.

ಜೂನ್ 28, ಬೆಳಗ್ಗೆ 7.10

ಸರ್ ಫೋನ್. ಹಲೋ ಇಲ್ಲ, ಏನಿಲ್ಲ. "ಅವಳ ಮನೆ ಗೊತ್ತಾ ನಿಂಗೆ? ಕರ್ಕೊಂಡು ಹೋಗು."

ಅದೇ ದಿನ, ಮಧ್ಯಾಹ್ನ

ಮೇಡಂ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಸರ್‌ಗೆ ಉಸಿರು ಕಟ್ಟಿತು. ಕೆಳಗೆ ನಿಲ್ಲಿಸಿ, ಮೇಲೆ ಹೋಗಿ ವಿಷಯ ಹೇಳಿದೆ. ಮೇಡಂ ಒಂದು ಗಳಿಗೆ ಚಿಲಕ ಹಿಡಿದು ನಿಂತರು. ಆಮೇಲೆ ಇಳಿದು ಬಂದರು.

ನಾನು ಗೇಟಿನ ಆಚೆ ಹೋಗಿ ನಿಂತೆ. ಮಾತು ಕೇಳಿಸಲಿಲ್ಲ. ಸರ್ ಎರಡು ಸಲ ಕನ್ನಡಕ ತೆಗೆದು ಒರೆಸಿದ್ದು ಕಂಡಿತು. ಮೇಡಂ ಕೈಕಟ್ಟಿ ನಿಂತೇ ಇದ್ದರು. ಕ್ಷಮಿಸಿದರೋ ಇಲ್ಲವೋ, ಗೊತ್ತಿಲ್ಲ. ಹತ್ತು ನಿಮಿಷದ ಮೇಲೆ ನನ್ನನ್ನು ಕರೆದು, "ಬಿಸಿಲಿದೆ. ಇವರನ್ನ ಕೂರಿಸಪ್ಪಾ" ಎಂದರು. ವಾಚ್‌ಮನ್ ಕುರ್ಚಿ ಎಳೆದು ತಂದೆ.

ಸರ್ ಕೂತು ಕೈಚಾಚಿದರು. "ಕಾಗದ ಕೊಡು. ನಾನೇ ಬರೀತೀನಿ."

ತೊಡೆಯ ಮೇಲೆ ಫೈಲ್ ಇಟ್ಟುಕೊಟ್ಟೆ. ಮೊದಲ ವಾಕ್ಯವನ್ನು ಮೂರು ಸಲ ಬರೆದು ಹೊಡೆದುಹಾಕಿದರು. ನಾಲ್ಕನೇ ಸಲ ನಿಂತಿತು — ಆ ಅಳತೆಗಳು ನನ್ನವಲ್ಲ, ಅವುಗಳನ್ನು ಅಳೆದವರು...

ಅಲ್ಲಿಗೆ ಪೆನ್ನು ನಿಂತಿತು. ತಲೆಯೆತ್ತಿ ಮೇಡಂ ಕಡೆ ನೋಡಿದರು.

"ಇನಿಶಿಯಲ್ ಒಂದಾ, ಎರಡಾ?"

ಮೇಡಂ ಮುಖದಲ್ಲಿ ಏನೂ ಅಲುಗಲಿಲ್ಲ. "ಎರಡು ಸರ್."

ಆಮೇಲೆ ಒಂದೊಂದೇ ಅಕ್ಷರ ಹೇಳತೊಡಗಿದರು, ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ, ನಿಧಾನವಾಗಿ. ಕಾಗದ ಸರಿಯದ ಹಾಗೆ ನಾನು ಅಂಚು ಒತ್ತಿ ಹಿಡಿದೆ. ಮೊದಲನೇ ಇನಿಶಿಯಲ್. ಚುಕ್ಕಿ. ಎರಡನೇದು. ಚುಕ್ಕಿ. ಹೆಸರಿನ ಮೊದಲ ಅಕ್ಷರಕ್ಕೆ ಬಂದಾಗ ಮೇಡಂ ಕಟ್ಟಿದ ಕೈ ಬಿಟ್ಟು, ಬಗ್ಗಿ, ಅದು ಕಾಗದದ ಮೇಲೆ ಮೂಡುವವರೆಗೂ ನೋಡಿ, ಮುಂದಿನದನ್ನು ಹೇಳಿದರು.