ಮೆಲ್ಲಗೆ ಓಡಿದ ಕಾರು

ಭಾವನವರಿಗೆ ನಮಸ್ಕಾರ.

ಕಾರು ಕೆಡಿಸಿಟ್ಟೆ ಅಂತ ಫೋನಿನಲ್ಲಿ ರೇಗಿದಿರಿ. ಮೆಕ್ಯಾನಿಕ್ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. ಅದು ನಿಂತಲ್ಲೇ ನಡುಗುವುದಕ್ಕೂ ದಿಬ್ಬದಲ್ಲಿ ಎಳೆಯದೇ ಇರುವುದಕ್ಕೂ ಡೀಸೆಲ್ ಕಾರಣವಲ್ಲ, ಪೈಪೂ ಒಡೆದಿಲ್ಲ. ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಬಿಚ್ಚಿದರೆ ಒಳಗೆಲ್ಲ ಮಸಿ. “ಇದನ್ನೇನು ಮೆರವಣಿಗೆಗೆ ಇಟ್ಟಿದ್ರಾ ಸಾರ್? ಜೋರಾಗಿ ಓಡಿಸದಿದ್ರೆ ಮಸಿ ಕಟ್ಟದೆ ಇನ್ನೇನಾಗುತ್ತೆ?” ಅಂತ ನಕ್ಕ. ನಾನೂ ನಕ್ಕೆ.

ನಿಮ್ಮ ತಂಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿಬರಲೆಂದೇ ನೀವು ಕಾರು ಕೊಟ್ಟಿದ್ದು. ಸಣ್ಣ ಗುಂಡಿ ಸಿಕ್ಕಿದರೂ “ಮೆಲ್ಲಗೆ ರೀ” ಅನ್ನುತ್ತಿದ್ದಳು. ವರ್ಷವಿಡೀ ನಾನು ಎರಡನೇ ಗೇರು ದಾಟಲಿಲ್ಲ.

ಈಗ ಮಸಿ ತೆಗೆದಿದ್ದಾನೆ. ಉಳಿದದ್ದು ಸುಟ್ಟುಹೋಗಲು ಹೆದ್ದಾರಿಯಲ್ಲಿ ಅರ್ಧ ಗಂಟೆ ಜೋರಾಗಿ ಓಡಿಸಬೇಕಂತೆ. ನಿನ್ನೆ ಹೋಗಿದ್ದೆ. ರಸ್ತೆ ಖಾಲಿ, ಹಿಂದಿನ ಸೀಟೂ ಖಾಲಿ. ಆದರೂ ಒತ್ತಲು ಕಾಲು ಒಪ್ಪಲಿಲ್ಲ. ಎರಡನೇ ಗೇರಿನಲ್ಲೇ ವಾಪಸು ಬಂದೆ.

ನೀವೇ ಬಂದು ತೆಗೆದುಕೊಂಡು ಹೋಗಿ. ಎಷ್ಟು ಜೋರಾಗಿ ಬೇಕಾದರೂ ಓಡಿಸಿ, ಇನ್ನು ಯಾರಿಗೂ ನೋವಾಗುವುದಿಲ್ಲ. ನಮ್ಮ ಬೀದಿಯ ತಿರುವು ದಾಟುವ ತನಕ ಮಾತ್ರ ಮೆಲ್ಲಗೆ ಹೋಗಿ.

ಇಂತಿ,
ನಿಮ್ಮ ತಂಗಿಯ ಗಂಡ