ಮಗುವನ್ನು ಎತ್ತಿಕೊಳ್ಳದೆ ಬಂದ ಅಜ್ಜಿ

ಫೆಬ್ರವರಿ ೯, ಭಾನುವಾರ

ನನ್ನ ಚೂಟಿ,

ಹೇಗಿದ್ದೀಯೆ, ಮರಿ ಹಾಲು ಸರಿಯಾಗಿ ಕುಡಿಯುತ್ತಿದೆಯೇ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಹೊಲಿಗೆ ಒಣಗಿತೇ? ಬಗ್ಗಿ ಬಕೆಟ್ ಎತ್ತಬೇಡ. ಎತ್ತುವವರು ಮನೆಯಲ್ಲಿ ಇದ್ದಾರೆ.

ಫೋನಿನಲ್ಲಿ ನೀನು ಕೇಳಿದ ಮಾತು ಕಿವಿಯಲ್ಲೇ ಕೂತಿದೆ. "ಅಮ್ಮಾ, ನನ್ನ ಮಗು ಕಂಡ್ರೆ ನಿಂಗೆ ಹೇಸಿಗೇನಾ?" ಎಂದೆ. ನಾನು "ಹಾಗಲ್ಲ ಕಣೇ, ನೆಗಡಿ ಇತ್ತು" ಎಂದು ತೊದಲಿದೆ. ನೀನು ಫೋನಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಒಳ್ಳೆಯದೇ ಮಾಡಿದೆ. ನೆಗಡಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಹೇಸಿಗೆ ಇತ್ತು, ಚೂಟಿ. ಅದು ನನ್ನ ಮೇಲೆ. ನನ್ನ ಎಂಜಲು, ನನ್ನ ಬೆವರು, ನನ್ನ ಉಗುರಿನ ಸಂದಿ, ಒಂದೂ ಬಿಡದೆ ಎಲ್ಲದರ ಮೇಲೆ. ನಿಮ್ಮತ್ತೆ "ತಗೊಳ್ಳಿ, ನಿಮ್ಮ ಮೊಮ್ಮಗಳು" ಎಂದು ಟವೆಲ್ಲಿನಲ್ಲಿ ಸುತ್ತಿದ್ದ ಮರಿಯನ್ನು ಮುಂದೆ ಚಾಚಿದರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತೆ. ಪಾಪ, ಅವರ ಕೈ ಗಾಳಿಯಲ್ಲೇ ಉಳಿಯಿತು. ನಾನು ಕುಡಿದ ಲೋಟವನ್ನು ಬೇರೆ ಪಾತ್ರೆಗೆ ತಾಗಿಸದೆ, ಉಜ್ಜಿ ಉಜ್ಜಿ ತೊಳೆದು, ಕಿಟಕಿಯಲ್ಲಿ ಒಂಟಿಯಾಗಿ ಬೋರಲು ಹಾಕಿದ್ದನ್ನು ಅಳಿಯಂದಿರು ನೋಡಿದರು. ಅವರೇನು ಅಂದುಕೊಂಡರೋ. ಒಂದು ತಿಂಗಳು ನಿನ್ನ ಆರೈಕೆ ಮಾಡುತ್ತೇನೆಂದು ಎರಡು ಚೀಲ ಬಟ್ಟೆ ತುಂಬಿಕೊಂಡು ಬಂದವಳು ಅದೇ ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ.

ನನಗೆ ಎಚ್‌ಐವಿ ಅಂಟಿದೆ ಎಂದುಕೊಂಡಿದ್ದೆ. ಅಂಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಹಸಿ ಬಾಣಂತಿ ನೀನು, ಗಾಬರಿಯಾಗಬೇಡ. ಯಾರಿಂದ, ಹೇಗೆ ಎಂಬುದನ್ನೂ ನಾನೇ ಹೇಳುತ್ತೇನೆ. ನೀನು ಕೇಳಿ, ನಾನು ತಲೆ ತಗ್ಗಿಸಿ, ಆ ನಾಟಕವೆಲ್ಲ ಬೇಡ.

ನಮ್ಮ ಪಾರ್ಲರಿಗೆ ಕ್ರೀಮು, ಹೇರ್‌ಡೈ, ವ್ಯಾಕ್ಸ್ ತಂದುಕೊಡುವವನೊಬ್ಬನಿದ್ದಾನಲ್ಲ, ಕಾಲೇಜಿಗೆ ಹೋಗುವಾಗ ನೀನು "ಡಬ್ಬಿ ಅಂಕಲ್" ಎನ್ನುತ್ತಿದ್ದೆ. ಅವನೇ. ನಿಮ್ಮಪ್ಪ ತೀರಿಕೊಂಡ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟುವುದು ನನ್ನ ಕಸುಬು. ಕಂಡವರ ಹಿಮ್ಮಡಿ ಉಜ್ಜುವುದು, ಕಂಕುಳ ಕೂದಲು ಕೀಳುವುದು, ಮೂಗಿನ ಮೇಲಿನ ಕೊಳಕು ಹಿಂಡಿ ತೆಗೆಯುವುದು. ಇಷ್ಟು ವರ್ಷದಲ್ಲಿ ಒಂದು ದಿನವೂ ಅದರಿಂದ ನನಗೆ ವಾಕರಿಕೆ ಬಂದದ್ದಿಲ್ಲ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಲ್ಲಿಯಲ್ಲಿ ನೀರು ನಿಂತುಹೋಗಿ, ಅಂಗಡಿ ಅರ್ಧ ಮುಚ್ಚಿ ಕೂತಿದ್ದೆ. ಅವನು ಸರಕಿನ ಪೆಟ್ಟಿಗೆ ಹೊತ್ತುಕೊಂಡು ಬಂದ. ಅದೂ ಇದೂ ಮಾತಾಯಿತು. ಹಿಂದಿನ ಕೋಣೆಯಲ್ಲಿ ಫೇಶಿಯಲ್ ಮಾಡುವ ಮಂಚ ಇದೆಯಲ್ಲ, ಅಲ್ಲಿಗೆ ಹೋಗಿ ಮುಟ್ಟಿತು. ತಾಯಿ ಮಗಳಿಗೆ ಬರೆಯುವ ಮಾತಲ್ಲ ಇದು. ಆದರೆ ಒಂದನ್ನು ಹೇಳದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಅವನು ಕಾಂಡೋಮ್ ಹಾಕಿಕೊಂಡಿದ್ದ. ಅದು ಹರಿಯಲಿಲ್ಲ, ಜಾರಲಿಲ್ಲ. ಒಂದೇ ಸಲ, ಅಷ್ಟೇ.

ಸ್ವಲ್ಪ ದಿನ ಕಳೆದಿತ್ತು. ಪಕ್ಕದ ಬೀದಿಯ ಪಾರ್ಲರಿನವಳು ಹುಬ್ಬು ತೆಗೆಯುವ ದಾರ ಮುಗಿಯಿತೆಂದು ಕೇಳಲು ಬಂದವಳು, ನನ್ನ ಗಿರಕಿ ಕುರ್ಚಿಯಲ್ಲಿ ಕೂತು ಗರಗರ ತಿರುಗುತ್ತ ಹೇಳಿದಳು: "ಆ ಡಬ್ಬಿಯವನು ಗೊತ್ತಲ್ಲ? ಹೋದ ಊರಲ್ಲೆಲ್ಲ ಒಂದೊಂದು ಅಂಗಡಿ ನೋಡಿಟ್ಕೊಂಡಿದಾನಂತೆ. ಸರಕೂ ಇಳಿಸ್ತಾನೆ, ತಾನೂ ಇಳ್ಕೋತಾನೆ." ಹೇಳಿ ಪಕಪಕ ನಕ್ಕಳು. ನಾನೂ ನಕ್ಕೆ. ನಕ್ಕು, ದಾರದ ಉಂಡೆ ಕೊಟ್ಟು ಕಳಿಸಿ, ಹಿಂದೆ ಹೋಗಿ ತಲೆ ತೊಳೆಯುವ ಸಿಂಕಿನಲ್ಲಿ ವಾಂತಿ ಮಾಡಿದೆ.

ಅಲ್ಲಿಂದ ಶುರುವಾಯಿತು ನೋಡು. ಆ ಮಂಚದ ರೆಕ್ಸಿನ್ ಹೊದಿಕೆ ಕಿತ್ತು ಬಿಸಾಡಿದೆ. ಟವೆಲ್‌ಗಳನ್ನು ಸುಟ್ಟೆ. ಸುಟ್ಟ ಹೊಗೆಯಲ್ಲೂ ಅವನ ಸೆಂಟಿನ ವಾಸನೆ ಇದೆ ಎನಿಸಿ ಮೂಗು ಮುಚ್ಚಿಕೊಂಡೆ. ಫಿನಾಯಿಲ್ ಬೆರೆಸಿದ ನೀರಿನಲ್ಲಿ ಮೈ ತೊಳೆದೆ. ತೊಡೆ ಸಂದಿಯ ಚರ್ಮ ಸುಲಿದು ಕೀವಾಯಿತು. ಆ ಕೀವು ನೋಡಿ, ಇಗೋ ಬಂತು ಎಂದುಕೊಂಡೆ. ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣೆದ್ದಿತು. ಫೋನಿನಲ್ಲಿ ಹುಡುಕಿದೆ. ತಲೆನೋವು ಎಂದು ಹುಡುಕಿದರೂ ಅದೇ ಉತ್ತರ, ಸುಸ್ತು ಎಂದು ಹುಡುಕಿದರೂ ಅದೇ. ನಮ್ಮ ಅಂಗಡಿಯಲ್ಲಿ ಕನ್ನಡಿಗೇನು ಬರವೇ? ಎಲ್ಲಿ ತಿರುಗಿದರೂ ನಾಲಿಗೆ ಚಾಚಿ ನಿಂತ ಒಬ್ಬ ಹೆಂಗಸು ಕಾಣುತ್ತಿದ್ದಳು. ಅವಳನ್ನು ನೋಡಿದರೆ ಛೀ ಎನಿಸುತ್ತಿತ್ತು.

ಹುಬ್ಬು ತೆಗೆಯುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಲ್ಲ. ನನ್ನ ಎಂಜಲು ದಾರಕ್ಕೆ, ದಾರದಿಂದ ಅವರ ಹಣೆಗೆ ಎಂದು ಲೆಕ್ಕ ಹಾಕಿ, ಹಲ್ಲುನೋವೆಂದು ಸುಳ್ಳು ಹೇಳಿ ಬಂದವರನ್ನೆಲ್ಲ ವಾಪಸು ಕಳಿಸತೊಡಗಿದೆ.

ಕೊನೆಗೆ ತಡೆಯಲಾರದೆ ಅವನಿಗೇ ಫೋನ್ ಮಾಡಿದೆ. "ನಿಮಗೇನಾದ್ರೂ ಕಾಯಿಲೆ ಇದ್ಯಾ? ಇದ್ರೆ ಈಗ್ಲೇ ಹೇಳ್ಬಿಡಿ" ಎಂದೆ. "ಅಲ್ಲ ಮೇಡಂ, ಈ ಮಾತು ನಾನು ನಿಮ್ಮನ್ನ ಕೇಳಿದ್ನಾ? ನಿಮ್ಮ ಹತ್ರ ಎಂತೆಂಥೋರು ಬರ್ತಾರೋ ನಂಗೇನು ಗೊತ್ತು?" ಎಂದು ಕತ್ತರಿಸಿದ. ಮೇಡಂ ಅಂತೆ! ಮರ್ಯಾದೆ ಬೇರೆ ಕೇಡು. ಅವತ್ತು ಫೋನನ್ನೂ ಸ್ಪಿರಿಟ್ ಹಾಕಿ ಒರೆಸಿದೆ.

ದೊಡ್ಡಾಸ್ಪತ್ರೆಗೆ ಹೋದೆ. ಗುರುತಿನವರು ಕಾಣಬಾರದೆಂದು ಮುಖಕ್ಕೆ ಬಟ್ಟೆ ಸುತ್ತಿಕೊಂಡೆ. ಡಾಕ್ಟರಮ್ಮ ಎಲ್ಲ ಕೇಳಿದರು. ನಗಲೂ ಇಲ್ಲ, ಮುಖ ಸಿಂಡರಿಸಲೂ ಇಲ್ಲ. "ಕಾಂಡೋಮ್ ಸರಿಯಾಗಿತ್ತು ಅಂದ್ರೆ ಅಪಾಯ ತೀರಾ ಕಡಿಮೆ. ನಾಲಿಗೆ ಹುಣ್ಣು ಯಾರಿಗೆ ಆಗಲ್ಲ ಹೇಳಿ? ಈ ಗಾಯ ಮಾತ್ರ ನೀವೇ ಮಾಡ್ಕೊಂಡಿದ್ದು. ಫಿನಾಯಿಲ್ ನೆಲಕ್ಕೆ ಹಾಕೋದು, ಮೈಗಲ್ಲ" ಎಂದರು. ರಕ್ತದಲ್ಲಿ ಏನೂ ಬರಲಿಲ್ಲ. ಆರು ವಾರ ತುಂಬಿದ ಮೇಲೆ ಇನ್ನೊಂದು ಸಲ ನೋಡಿ ಮುಗಿಸಿಬಿಡೋಣ ಎಂದರು. ಮಗಳಿಗೆ ಹೆರಿಗೆ ಇದೆ, ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದೆ. "ಎತ್ಕೊಳ್ಳಿ, ಮುದ್ದು ಮಾಡಿ. ಕಾಯಿಲೆ ಇದ್ದಿದ್ರೂ ಎತ್ಕೊಂಡ್ರೆ ಅಂಟೋದಲ್ಲ ಅದು" ಎಂದರು.

ಅಂದರೆ, ನಿನ್ನ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎತ್ತಿಕೊಳ್ಳಲಿಲ್ಲ. ಮರಿಯ ಒಂದು ಪಾದ ಟವೆಲ್ಲಿನಿಂದ ಹೊರಗೆ ಬಂದಿತ್ತು, ಕೆಂಪಗೆ, ನನ್ನ ಹೆಬ್ಬೆರಳಿನಷ್ಟು. ಅದನ್ನು ನೋಡಿದೊಡನೆ ನನ್ನ ಉಗುರುಗಳೊಳಗೆ ಹುಳ ಹರಿದ ಹಾಗಾಯಿತು. ಡಾಕ್ಟರಮ್ಮನ ಮಾತು ನೆನಪಿಗೇ ಬರಲಿಲ್ಲ.

ಇಷ್ಟೇ ಆಗಿದ್ದರೆ ನಿನ್ನ ಕಾಲು ಹಿಡಿದಾದರೂ ಕ್ಷಮೆ ಕೇಳಿ ಮುಗಿಸುತ್ತಿದ್ದೆ. ಇನ್ನೊಂದಿದೆ.

ನಿನ್ನಲ್ಲಿಂದ ಬಂದ ಮೇಲೆ ಎರಡನೆಯ ಪರೀಕ್ಷೆಗೆ ಹೋಗಿ, ಎಚ್‌ಐವಿ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತಿದ್ದೆ. ಔಷಧಿ ಕಿಟಕಿಯಿಂದ ಒಬ್ಬರು ಮಾತ್ರೆ ತೆಗೆದುಕೊಂಡು ಬಂದು ಪಕ್ಕದಲ್ಲಿ ಕೂತರು. ನೋಡಿದರೆ ನಮ್ಮ ಅಂಗಡಿಯ ಹಳೆಯ ಗಿರಾಕಿ. ಯಾರೆಂದು ನಿನಗೂ ಹೇಳುವುದಿಲ್ಲ, ಅದು ಅವರ ಗುಟ್ಟು. ನನ್ನ ಕಣ್ಣಿಂದಲೇ ಗುರುತು ಸಿಕ್ಕಿ ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ನಾನು ಕೂತಿದ್ದ ಜಾಗ ನೋಡಿ, ನನ್ನ ಮುಖಕ್ಕೆ ಸುತ್ತಿದ್ದ ಬಟ್ಟೆ ನೋಡಿ, ಕರಗಿದರು. ನಾನೂ ತಮ್ಮ ಹಾಗೇ ಎಂದುಕೊಂಡರೇನೋ. "ಹೆದರ್ಕೋಬೇಡಿ. ನಾನು ಎಷ್ಟೋ ವರ್ಷದಿಂದ ಮಾತ್ರೆ ತಗೊಳ್ತಿದ್ದೀನಿ, ನೋಡಿ ಹೇಗಿದ್ದೀನಿ" ಎಂದು ನನ್ನ ಕೈ ಹಿಡಿದುಕೊಂಡರು.

ನಾನು ಕೈ ಕಿತ್ತುಕೊಂಡೆ. ಕಿತ್ತುಕೊಂಡು ಬಟ್ಟೆಗೆ ಒರೆಸಿದೆ, ಚೂಟಿ. ಅವರ ಕಣ್ಣೆದುರಿಗೇ. ವರ್ಷಗಟ್ಟಲೆ ಅವರ ಮುಖ ಉಜ್ಜಿದ್ದೇನೆ, ಹುಬ್ಬು ತೀಡಿದ್ದೇನೆ, ಕುತ್ತಿಗೆ ನೋವೆಂದಾಗ ಎಣ್ಣೆ ಹಚ್ಚಿ ನೀವಿದ್ದೇನೆ. ನನ್ನ ಕಷ್ಟಕ್ಕೆ ಧೈರ್ಯ ಹೇಳಲೆಂದು ತಮ್ಮ ಗುಟ್ಟನ್ನೇ ಬಿಚ್ಚಿಟ್ಟವರ ಕೈಯನ್ನು ಸಗಣಿ ಒರೆಸಿಕೊಂಡ ಹಾಗೆ ಒರೆಸಿಕೊಂಡೆ. ಅವರು ಚೀಲ ಎತ್ತಿಕೊಂಡು ಆಚೆಯ ಬೆಂಚಿಗೆ ಹೋಗಿ, ನನಗೆ ಬೆನ್ನು ಮಾಡಿ ಕೂತರು.

ಒಳಗೆ ಡಾಕ್ಟರಮ್ಮ "ಏನೂ ಇಲ್ಲ, ನಿಶ್ಚಿಂತೆಯಾಗಿ ಹೋಗಿ, ಇನ್ನು ಬರ್ಬೇಡಿ" ಎಂದರು. ಕುಣಿಯಬೇಕಿತ್ತು ನಾನು. ಹೊರಗೆ ಬಂದು ನೋಡಿದರೆ ಅವರು ಹೋಗಿಬಿಟ್ಟಿದ್ದರು. ಮನೆಗೆ ಬಂದು ತಟ್ಟೆ ಮುಂದಿಟ್ಟುಕೊಂಡರೆ ಒಂದು ತುತ್ತು ಇಳಿಯಲಿಲ್ಲ. ಅವನು ಹೇಸಿ, ಸರಿ. ಆದರೆ ಅವನು ಫೋನಿನಲ್ಲಿ ನನಗೆ ಆಡಿದ ಮಾತಿಗೂ ನಾನು ಬೆಂಚಿನ ಮೇಲೆ ಅವರಿಗೆ ಮಾಡಿದ್ದಕ್ಕೂ ಏನು ವ್ಯತ್ಯಾಸ ಹೇಳು?

ಮೊನ್ನೆ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ಅರ್ಧ ತೆರೆದರು. "ಏನು, ಇಲ್ಲೂ ಕೈ ಒರೆಸ್ಕೊಂಡು ಹೋಗೋಕೆ ಬಂದ್ರಾ?" ಎಂದರು. ತಪ್ಪಾಯಿತು ಎಂದೆ. ಅಂಗಡಿಗೆ ಮೊದಲಿನ ಹಾಗೇ ಬನ್ನಿ ಎಂದೆ. "ನಿಮ್ಮ ರಿಪೋರ್ಟ್ ಏನಾಯ್ತು?" ಎಂದು ಕೇಳಿದರು. ಏನೂ ಇಲ್ಲವಂತೆ ಎಂದೆ. "ಒಳ್ಳೇದಾಯ್ತು ಬಿಡಿ" ಎಂದರು. ನಿಜವಾಗಿ, ಮನಸಾರೆ ಅಂದರು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಆಮೇಲೆ ನಿಧಾನವಾಗಿ ಹೇಳಿದರು: "ಮೊದಮೊದಲು ನಮ್ಮಮ್ಮ ನನ್ನ ತಟ್ಟೆ ಬೇರೆ ಇಟ್ಟಿದ್ರು. ಹೀಗೆಲ್ಲ ಅಂಟಲ್ಲ ಅಂತ ಅವ್ರಿಗೆ ಗೊತ್ತಿರ್ಲಿಲ್ಲ, ನಾನೂ ಮನಸ್ಸಿಗೆ ಹಚ್ಕೊಳ್ಳಲಿಲ್ಲ. ನಿಮಗೆ ಗೊತ್ತಿತ್ತು. ಹೋಗಿ ಬನ್ನಿ. ಹುಬ್ಬು ಬೇರೆ ಕಡೆ ಮಾಡಿಸ್ಕೋತೀನಿ." ಬಾಗಿಲನ್ನು ಮೆತ್ತಗೆ ಹಾಕಿಕೊಂಡರು. ಧಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಅವರ ಬೀದಿ ದಾಟುವುದರೊಳಗೆ ನಿನಗೆ ಬರೆಯಬೇಕು ಎಂದು ಗಟ್ಟಿ ಮಾಡಿಕೊಂಡೆ. ಆ ಬಾಗಿಲು ಇನ್ನು ನನಗೆ ತೆರೆಯುವುದಿಲ್ಲ, ಅದು ನ್ಯಾಯವೇ. ನಿನ್ನದೂ ಹಾಗಾಗಬಾರದು. ಓದಿ ನಿನಗೆ ನನ್ನ ಮೇಲೆ ಅಸಹ್ಯ ಬಂದರೆ ಬರಲಿ, ಬೈದು ಬರೆ. ಆದರೆ ನಿನ್ನ ಮಗುವಿನಲ್ಲಿ ಏನೋ ಕುಂದು ಕಂಡು ನಾನು ಹಿಂದೆ ಸರಿದೆ ಎಂದು ಮಾತ್ರ ಅಂದುಕೊಳ್ಳಬೇಡ. ಅಷ್ಟು ಚಂದದ ಪಾದವನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಅಳಿಯಂದಿರಿಗೆ, ನಿಮ್ಮತ್ತೆಗೆ ಏನು ಹೇಳಬೇಕೋ ನೀನೇ ತೀರ್ಮಾನಿಸು. ಕರೆದರೆ ಮೊದಲ ಬಸ್ಸಿಗೆ ಬರುತ್ತೇನೆ. ಕರೆಯದಿದ್ದರೆ ಕರೆಯುವ ತನಕ ಇಲ್ಲೇ ಇರುತ್ತೇನೆ.

ಮರಿಯನ್ನು ನನ್ನ ಪರವಾಗಿ ಒಮ್ಮೆ ಎದೆಗವಚಿಕೋ.

ನಿನ್ನ
ಅಮ್ಮ

ಮರೆತು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು: ಆ ಮಧ್ಯಾಹ್ನ ನನಗೆ ಹೇಗಿತ್ತು ಎಂದು ಮೇಲೆ ಬರೆಯಲಿಲ್ಲ; ಆಗಲೇ ಅಸಹ್ಯವಾಗಿತ್ತು ಎಂದುಕೊಂಡೀಯೆ. ಆಗಿರಲಿಲ್ಲ. ಅವನು ಹೋದ ಮೇಲೆ ಅಂಗಡಿಗೆ ಬೀಗ ಹಾಕಿ, ಬೇಕರಿ ಮುಂದೆ ನಿಂತು ಕ್ರೀಮ್ ಬನ್ ತಿಂದೆ. ತುಟಿಗೆ ಹತ್ತಿದ್ದನ್ನು ಬೀದಿಯಲ್ಲೇ ನೆಕ್ಕಿಕೊಂಡೆ. ಮನೆಯ ತನಕ ಏನೋ ಹಾಡು ಗುನುಗುತ್ತ ನಡೆದೆ. ಅಷ್ಟು ಹಗುರಾಗಿ ನಡೆದು ಎಷ್ಟು ವರ್ಷವಾಗಿತ್ತೋ. ಇದೊಂದು ತುಂಡನ್ನು ಬೇಕಾದರೆ ಹರಿದುಹಾಕು, ಚೂಟಿ. ಸುಳ್ಳು ಎಂದು ಮಾತ್ರ ಅಂದುಕೊಳ್ಳಬೇಡ.