ಹಿಂಡಿ ತಿನ್ನದ ಎಮ್ಮಿ ತುಪ್ಪ

ಕುರುಗೋಡು
ಸೋಮವಾರ, ಭೋಗಿ ದಿನ
13-1-2025

ನನ್ನ ಮುದ್ದು ಮಗಳು ರಶ್ಮಿಗೆ ನಿಮ್ಮವ್ವನ ತುಂಬು ಮನಸಿನ ಆಶೀರ್ವಾದ.

ಎಲ್ಲಾರೂ ಕ್ಷೇಮ ಅಂತ ಬರದು ಶುರು ಮಾಡಬೇಕು. ನಿಮ್ಮಪ್ಪ ಕ್ಷೇಮ, ಎಮ್ಮಿ ಕ್ಷೇಮ, ನಾ ಮಾತ್ರ ಕ್ಷೇಮ ಇಲ್ಲವ್ವಾ. ನಿನ್ನ ಕಾಗದ ಓದಿದಾಗಿಂದ ಒಂದು ಮಾತು ಹೇಳಬೇಕಾಗೈತಿ. ಫೋನಿನ್ಯಾಗ ಹೇಳೋಣ ಅಂದ್ರ ನನ್ನ ಕಿವಿ ಕೆಟ್ಟು ಕುಂತಾವ, ನೀ ಒಂದು ಅಂದ್ರ ನಾ ಇನ್ನೊಂದು ಕೇಳಿಸ್ಕೊಂತೀನಿ. ಅದಕ್ಕ ಎಂದಿನಂಗ ಬುತ್ತಿ ಗಂಟಿನ್ಯಾಗ ಕಾಗದ ಇಟ್ಟು ಬಳ್ಳಾರಿ ಬಸ್ಸಿನ ಕಂಡಕ್ಟರ್ ಹುಲುಗೇಶನ ಕೈಗೆ ಕೊಡ್ತೀನಿ.

ಸ್ಕ್ಯಾನಿಂಗ್‌ನ್ಯಾಗ ಕೂಸು ಸ್ವಲ್ಪ ತೂಕ ಹಿಡಿದೈತಿ ಅಂತ ಬರದಿ. ಓದಿದ ಕೂಡ್ಲೆ ದೇವರ ಮುಂದ ದೀಪ ಹಚ್ಚಿದೆ. ಆದ್ರ ಅದರ ಕೆಳಗ, ನಿನ್ನ ಎಮ್ಮಿ ತುಪ್ಪಾನ ನನ್ನ ಕೂಸಿನ ಉಳಿಸೈತಿ, ಅದೊಂದು ಬಿಟ್ರ ನಾ ಇನ್ನೇನೂ ನಂಬಂಗಿಲ್ಲ ಅಂತ ಬರದಿಯಲ್ಲ, ಅದನ್ನ ಓದಿ ಅದಾ ದೀಪದ ಮುಂದ ತಪ್ಪಾತು ಅಂತ ಕೈ ಮುಗಿದೆ. ಯಾಕ ಅಂತ ಹೇಳ್ತೀನಿ, ಸಮಾಧಾನದಿಂದ ಓದು.

ದೀಪಾವಳಿ ಆದ ಮ್ಯಾಲೆ ನೀ ಬರದ ಕಾಗದ ನೆನಪೈತೇನು? ದೊಡ್ಡ ಅಂಗಡ್ಯಾಗ ಮಾರೋ ಹಾಲು, ಬೆಣ್ಣಿ, ಪನ್ನೀರು ಎಲ್ಲಾ ಕುಲಾಂತರಿ ಮೇವು ತಿಂದ ದನದ್ದು ಅಂತ ಮೊಬೈಲಿನ್ಯಾಗ ನೋಡಿದಿ ಅಂತ ಬರದಿದ್ದಿ. ಪಾಕೀಟಿನ ಮ್ಯಾಲೆ ಕೊಬ್ಬು ಎಷ್ಟು, ಉಪ್ಪು ಎಷ್ಟು ಎಲ್ಲಾ ಬರದಿರ್ತಾರ, ಆ ದನ ಏನು ತಿಂದಿತ್ತು ಅನ್ನೋದು ಮಾತ್ರ ಎಲ್ಲೂ ಬರಿಯಂಗಿಲ್ಲ, ಬಿಲ್ಲು ಹಾಕೋ ಹುಡುಗಿನ ಕೇಳಿದ್ರ ನಕ್ಕಳು ಅಂತ ಬರದಿದ್ದಿ. ಹೋದ ವರ್ಸ ಐದು ತಿಂಗಳಿಗೆ ಹೋದ ಕೂಸಿನ್ನ ಇದಾ ತಿಂದಿರಬೇಕು ಅಂತನೂ ಬರದಿದ್ದಿ. ಆ ಸಾಲಿನ ಮ್ಯಾಲೆ ನಿನ್ನ ಕಣ್ಣೀರು ಬಿದ್ದು ಅಕ್ಷರ ಅಳಿಸಿದ್ವು.

ನನಗರ ಏನು ತಿಳೀತೈತಿ? ಕುಲ ಅಂದ್ರ ಮದುವಿ ಮುಂದ ಕೇಳೋ ಕುಲ ಅಷ್ಟಾ ಗೊತ್ತು. ಮೇವಿಗೆ ಎಂಥಾ ಕುಲ ಅಂತ ನಿಮ್ಮಪ್ಪನ ಕೇಳಿದೆ. ಹೊಸಾ ಥರದ ಬೀಜ ಇರಬೇಕು ಬಿಡು ಅಂದ್ರು. ನಾ ದೊಡ್ಡ ಶಾಣ್ಯಾಕಿ ಹಂಗ ನಿನಗ ಬರದೆ, ಬಸವಣ್ಣನ ಆಣಿ, ನಮ್ಮ ಹೊಲಕ್ಕ, ನಮ್ಮ ಮನಿಗೆ ಕುಲಾಂತರಿ ಅನ್ನೋದು ಕಾಲಿಟ್ಟಿಲ್ಲ, ನಾವು ಹಾಕೋದು ಬರೇ ಬಿಟಿ ಹತ್ತಿ, ನೀ ನಿಶ್ಚಿಂತಿಂದ ನಮ್ಮ ತುಪ್ಪ ತಿನ್ನು ಅಂತ.

ಹತ್ತಿ ಬಿಡಿಸೋ ಕಾಲಕ್ಕ ಹಿಂಡಿ ತರಾಕ ದುರುಗಣ್ಣನ ಅಂಗಡಿಗೆ ಹೋಗಿದ್ದೆ. ಮಾತಿಗೆ ಮಾತು ಬಂತು. ನನ್ನ ಮಗಳು ಕುಲಾಂತರಿ ಅಂತ ಹೆದರ್ಯಾಳಪ್ಪಾ, ಅದು ಯಾವ ದೇಶದಾಗ ಬೆಳೀತೈತಿ ಅಂತ ಕೇಳಿದೆ. ಹೊಟ್ಟಿ ಹಿಡ್ಕೊಂಡು ನಕ್ಕ ನೋಡು. ನಿಮ್ಮ ಹೊಲದಾಗಾ ಬೆಳೀತೈತಲ್ಲ ಅಮ್ಮಾ, ಬಿಟಿ ಅಂದ್ರ ಅದಾ, ಈ ಹಿಂಡಿನೂ ಅದರ ಕಾಳಿಂದಾ ಅಂದ. ನಾನಾ ಆಣಿ ಮಾಡಿ ಬರದಿದ್ದೆ, ನಾನಾ ದಿನಾ ಆ ಹಿಂಡಿ ನೆನಸಿ ಎಮ್ಮಿ ಮುಂದ ಇಡ್ತಿದ್ದೆ.

ಅದರಾಗ ಏನು ಐತಿ, ಏನು ಇಲ್ಲ, ನನಗ ಗೊತ್ತಿಲ್ಲ. ದುರುಗಣ್ಣ ಏನೂ ಆಗಂಗಿಲ್ಲ ಅಂತಾನ, ಅವನು ಹಿಂಡಿ ಮಾರಾವ. ನಿನ್ನ ಮೊಬೈಲು ಎಲ್ಲಾ ಆಗತೈತಿ ಅಂತೈತಿ, ಅದು ಏನು ಮಾರತೈತೋ ಯಾರಿಗೆ ಗೊತ್ತು. ಇಬ್ಬರ ನಡುವ ನನ್ನ ಮಗಳ ಹೊಟ್ಟಿ ಐತಲ್ಲ! ಅವತ್ತಾ ಹಿಂಡಿ ಚೀಲ ಎತ್ತಿ ಹೊರಗ ಹಾಕಿದೆ. ಆಮ್ಯಾಲೆ ನಮ್ಮ ಎಮ್ಮಿ ಬಾಯಿಗೆ ಅದರ ಒಂದು ಹಿಡಿ ಹೋಗಿಲ್ಲ. ಜ್ವಾಳದ ಸೊಪ್ಪಿ, ನೆಲ್ಲು ಹುಲ್ಲು, ಕಡ್ಲಿ ಹೊಟ್ಟು ಅಷ್ಟಾ.

ಅದಕ್ಕೂ ಮೊದಲಿನ ತುಪ್ಪ ನಿನ್ನ ಹೊಟ್ಟಿಗೆ ಹೋಗಿ ಆಗೈತಿ, ಅದನ್ನ ನಾ ವಾಪಸ್ ತರಾಕ ಆಗಂಗಿಲ್ಲ. ಬೈಕೊ, ಸಿಟ್ಟು ಮಾಡು. ಊಟ ಮಾತ್ರ ಬಿಡಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ.

ನೀ ಏನು ತಿಂತಿ, ಏನು ಬಿಡ್ತಿ ನನಗ ಎಲ್ಲಾ ಗೊತ್ತೈತಿ. ಹೊಟ್ಟಿ ತುಂಬ ಉಣ್ತೀನಿ ಅಂತ ಪ್ರತಿ ಕಾಗದದಾಗ ಬರೀತಿ. ಅಳಿಯಂದ್ರು ಶಶಿಕಾಂತ್ ಅವರು ಆಫೀಸಿಗೆ ರಜಾ ಹಾಕಿ ಇಲ್ಲಿಗೆ ಬಂದಿದ್ರು, ನಿನಗ ಹೇಳಬ್ಯಾಡ್ರಿ ಅಂದಿದ್ರು. ಹಾಲು ಬಿಟ್ಟಾಳ, ಮೊಸರು ಬಿಟ್ಟಾಳ, ಬರೇ ಗಂಜಿ ಮ್ಯಾಲೆ ಅದಾಳ, ನಿಮ್ಮ ತುಪ್ಪ ಇದ್ರ ಮಾತ್ರ ಎರಡು ತುತ್ತು ಅನ್ನ ಉಣ್ತಾಳ, ಹಿಂಗಾ ಆದ್ರ ತಾಯಿಗೂ ಕಷ್ಟ, ಕೂಸಿಗೂ ಕಷ್ಟ ಅಂತ ಡಾಕ್ಟರಮ್ಮ ಬೈದಾರ ಅಂತ ಹೇಳಿ ಕಟ್ಟಿ ಮ್ಯಾಲೆ ಕುಂತು ಅತ್ರು. ಅಷ್ಟು ದೊಡ್ಡ ಮನುಷ್ಯ ಅಳೋದು ನೋಡಿ ಒಂದು ಚರಗಿ ನೀರು ತಂದು ಮುಂದ ಇಟ್ಟೆ. ಅಂಗಡಿ ಹಾಲಿಗಿಂತ ನಿನ್ನ ಖಾಲಿ ಹೊಟ್ಟಿಗೆ ನನಗ ಹೆದರಿಕಿ ಜಾಸ್ತಿ ಆಗೈತಿ ಮಗಳ.

ಇವತ್ತು ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಕಾಳುಪಲ್ಯ ಎಲ್ಲಾ ಗಂಟಿನ್ಯಾಗ ಅದಾವ. ಸಣ್ಣ ಡಬ್ಬ್ಯಾಗ ತುಪ್ಪ ಐತಿ, ವೀಳ್ಯದೆಲಿ ಹಾಕಿ ಕಾಸೀನಿ, ಘಮಘಮ ಅಂತೈತಿ. ಈಗ ನಾ ಹೇಳಿದಂಗ ಕೇಳು. ಕಾಗದ ಇಲ್ಲಿಗೆ ಮಡಚಿಡು. ರೊಟ್ಟಿ ಮುರದು, ತುಪ್ಪ ಹಚ್ಚಿ, ಹೊಟ್ಟಿ ತುಂಬ ಉಣ್ಣು. ಕೆಳಗ ಇನ್ನೊಂದೀಟು ಬರದೀನಿ, ಅದನ್ನ ಉಂಡ ಮ್ಯಾಲೆ ಓದು. ಕಳ್ಳಿ, ಕಣ್ಣು ಕೆಳಗ ಓಡಿಸಬ್ಯಾಡ, ನಿನ್ನ ಬುದ್ಧಿ ನನಗ ಗೊತ್ತು.

ಇಂತಿ, ನಿನ್ನ ಹೆತ್ತಾಕಿ,
ಕೊಟ್ರಬಸಮ್ಮ

ತಾ.ಕ.: ಉಂಡೆ ಏನವ್ವಾ? ಕೈ ತೊಳ್ಕೊಂಡು ಕುಂತು ಓದು. ಹಿಂಡಿ ಬಿಡಿಸಿದ ಮ್ಯಾಲೆ ಎಮ್ಮಿ ಮುನಿಸ್ಕೊಂತು. ಶೇಂಗಾ ಹಿಂಡಿ ಇಟ್ರ ಮೂಸಿ ನೋಡಿ ಮಾರಿ ತಿರುವಿತು. ದಿನಾ ಹಾಲು ಕಡಿಮಿ ಆಗಿ ಬತ್ತೇ ಹೋತು. ಊರಾಗ ಯಾರ ಎಮ್ಮಿ ನೋಡಿದ್ರೂ ದುರುಗಣ್ಣನ ಹಿಂಡಿನಾ ತಿಂತಾವ. ಅದಕ್ಕ ನಾನಾ ಬಳ್ಳಾರಿಗೆ ಬಂದೆ, ನಿಮ್ಮ ಓಣಿ ತುದಿಯ ಗಾಜಿನ ಬಾಗಿಲ ಅಂಗಡಿಗೆ. ಒಂದರ ಬ್ಯಾರೆ ಥರ ಇದ್ದೀತು ಅಂತ ಪಾಕೀಟು ತಿರುವಿ ತಿರುವಿ ನೋಡಿದೆ. ನೀ ಬರದಿದ್ದು ಖರೇನಾ ಐತಿ, ದನ ಏನು ತಿಂದಿತ್ತು ಅಂತ ಯಾವುದರ ಮ್ಯಾಲೂ ಇಲ್ಲ. ಕಡೀಗೆ ಯಾವುದೋ ಬೆಣ್ಣಿ ತಂದು ನಮ್ಮ ಒಲಿ ಮ್ಯಾಲೆ ಕಾಸಿದೆ. ಕೂಸು ತೂಕ ಹಿಡಿದಿದ್ದು ಅದನ್ನ ತಿಂದಾ. ಈಗ ನೀ ಉಂಡಿದ್ದೂ ಅದಾ.

ಅಂಗಡಿಯಿಂದ ಹೊರಗ ಬಂದಾಗ ನೀ ಮಹಡಿ ಮ್ಯಾಲೆ ಬಟ್ಟಿ ಒಣಗಾಕ್ತಿದ್ದಿ. ಕೈ ಕಡ್ಡಿ ಆಗ್ಯಾವ. ಕೂಗಬೇಕು ಅನ್ನಿಸ್ತು. ಕೈಯಾಗಿನ ಚೀಲ ನೋಡ್ತಿ ಅಂತ ಮಾರಿ ತುಂಬ ಸೆರಗು ಹೊದ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ, ಊರು ಬರೋತನಕ ಅತ್ತೆ.

ನಾಳಿ ಸಂಜಿ ಹುಲುಗೇಶನ ಕೈಯಾಗ ತುಪ್ಪದ ಡಬ್ಬಿ ಕಳಿಸು. ನಾ ಬಸ್ ಸ್ಟ್ಯಾಂಡಿನ್ಯಾಗ ಕಾಯ್ತಿರ್ತೀನಿ. ಖಾಲಿ ಬಂದ್ರ ತೊಳದು ಮತ್ತ ತುಂಬ್ತೀನಿ. ತುಂಬಿದ್ದು ಹಂಗಾ ವಾಪಸ್ ಬಂತು ಅಂದ್ರ ಅದಾ ಬಸ್ಸಿಗೆ ಹತ್ತಿ ಬರ್ತೀನಿ, ಈ ಸಲ ಸೆರಗು ಹೊದ್ಕೊಳ್ಳಂಗಿಲ್ಲ.